ಕೆಳಗಿನ ಸಾಲು

ಹಲ್ಲಣ್ಣ ತೀರಿಕೊಂಡ. ಮೊನ್ನೆ ಸಂಜೆ, ತನ್ನ ಸ್ಟುಡಿಯೋದಲ್ಲೇ, ಕ್ಯಾಮೆರಾ ಪಕ್ಕದ ಸ್ಟೂಲಿನ ಮೇಲೆ. ಹೃದಯಾಘಾತ ಎಂದರು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತನ್ನೂ ಅವನು ಯಾರಿಗೂ ಕೊಡಲಿಲ್ಲ.

ಆ ಅಡ್ಡಹೆಸರನ್ನು ಯಾರೋ ಗೇಲಿಗೆ ಇಟ್ಟದ್ದು. ಅವನು ಅದನ್ನು ಪದಕದ ಹಾಗೆ ತಗುಲಿಸಿಕೊಂಡು ಓಡಾಡಿದ. ಚಿಕ್ಕಂದಿನಲ್ಲಿ ಕುಡಿದ ಬಾವಿನೀರು ಅವನ ಹಲ್ಲುಗಳ ತುಂಬ ಕಂದು ಪಟ್ಟಿ ಎಳೆದಿತ್ತು. ತಮ್ಮ ಹುಟ್ಟುವ ಹೊತ್ತಿಗೆ ಮನೆ ಬದಲಾಗಿತ್ತು, ನೀರೂ ಬದಲಾಗಿತ್ತು. ತಮ್ಮನ ಹಲ್ಲಿಗೆ ಟೀ ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ.

ಫೋಟೋಗೆ ಕೂತವರಿಗೆ ಹಲ್ಲಣ್ಣ ಎಂದೂ 'ನಗಿ' ಎನ್ನುತ್ತಿರಲಿಲ್ಲ. ಕ್ಯಾಮೆರಾ ಹಿಂದಿನಿಂದ ಮುಖ ಹೊರಹಾಕಿ ತಾನೇ ಮೊದಲು ಹಲ್ಲು ಕಿರಿಯುತ್ತಿದ್ದ. ಅದನ್ನು ನೋಡಿದ ಮೇಲೆ ಉಬ್ಬುಹಲ್ಲಿನವರು, ಹಲ್ಲು ಮುರಿದವರು, ಬಾಯಿಗೆ ಕೈ ಅಡ್ಡ ಹಿಡಿಯುವವರು, ಎಲ್ಲರೂ ಬಾಯ್ತುಂಬ ನಗುತ್ತಿದ್ದರು. ಇವನ ಮುಂದೆ ಯಾರಿಗೆ ತಾನೇ ನಾಚಿಕೆ?

ಸ್ಟುಡಿಯೋಗೆ ಹೊಸ ಬೋರ್ಡು ಬರೆಸುವ ಮಾತು ಬಂತು. ಅಂಗಡಿಗೆ ದುಡ್ಡು ಹಾಕಿದವನು ತಮ್ಮ.

"ಅಣ್ಣಾ, ಬೋರ್ಡ್ ಮೇಲೆ ಇಬ್ಬರದೂ ಫೋಟೋ ಇರ್ಬೇಕು. ಹಲ್ಲು ಬೆಳ್ಳಗೆ ಮಾಡ್ಕೋ. ಇಲ್ಲಾಂದ್ರೆ ಕ್ಯಾಮೆರಾ ನಾನ್ ನೋಡ್ಕೋತೀನಿ, ನೀನು ಒಳಗಡೆ ಪ್ರಿಂಟ್ ತೆಗೀತಾ ಕೂತ್ಕೋ."

ಒಳಕೋಣೆಗೆ ಕಿಟಕಿಯಿಲ್ಲ. ಅಲ್ಲಿಗೆ ಮುಖಗಳು ಬರುವುದು ಕಾಗದದ ಮೇಲೆ ಮಾತ್ರ. ಹಲ್ಲು ಬೆಳ್ಳಗೆ ಮಾಡಿಕೊಳ್ಳಲು ಹಲ್ಲಣ್ಣ ಒಪ್ಪಿದ.

ಮೊದಲು ಮನೆಯಲ್ಲೇ ಶುರು ಮಾಡಿದ. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ ತಿಕ್ಕಿದ; ತಣ್ಣೀರು ಬಾಯಿಗಿಟ್ಟರೆ ಜೀವ ಹಾರಿಹೋದಂತಾಗುತ್ತಿತ್ತು. ಇದ್ದಿಲ ಪುಡಿ ತಿಕ್ಕಿದ. ಕಂದಿನ ಜೊತೆಗೆ ಒಸಡಿನ ಅಂಚಿನಲ್ಲಿ ಕಪ್ಪೂ ಸೇರಿತು. ಔಷಧಿ ಅಂಗಡಿಯಲ್ಲಿ ಸಿಗುವ, ಹಲ್ಲು ಬೆಳ್ಳಗಾಗಿಸುವ ಅಂಟುಪಟ್ಟಿಗಳನ್ನು ಹಚ್ಚಿಕೊಂಡ; ಮಧ್ಯೆ ಮಧ್ಯೆ ಬಿಳಿ ಚುಕ್ಕೆ ಎದ್ದು, ಬಾಯಿ ಸುಣ್ಣ ಅರ್ಧ ಬಳಿದ ಗೋಡೆಯಾಯಿತು. ಕೊನೆಗೆ ಹಲ್ಲಿನ ಡಾಕ್ಟ್ರಮ್ಮನ ಹತ್ತಿರ ಹೋದ.

"ನಿಂಬೆಹಣ್ಣು ಪಾತ್ರೆಗೆ ಹಾಕಿ ತಿಕ್ರಿ, ಹಲ್ಲಿಗಲ್ಲ!" ಎಂದು ಆಕೆ ಗದರಿದರು. "ಹಲ್ಲಿನ ಮೇಲ್ಪದರ ಸವೆದ್ರೆ ಮತ್ತೆ ಬೆಳೆಯಲ್ಲ. ಟೀ ಕಲೆ ಆದ್ರೆ ಕ್ಲೀನ್ ಮಾಡಿದ್ರೆ ಹೋಗುತ್ತೆ. ನಿಮ್ದು ಒಳಗಿಂದ ಬಂದಿದ್ದು. ಇಲ್ಲೇ ಕುರ್ಚಿ ಮೇಲೆ ಕೂತ್ರೆ ಒಸಡು ಮುಚ್ಚಿ, ಬೆಳ್ಳಗೆ ಮಾಡೋ ಸ್ಟ್ರಾಂಗ್ ಜೆಲ್ ಹಾಕಿ ಬೇಗ ಮುಗಿಸ್ತೀನಿ. ಇಲ್ಲಾ ನಿಮ್ಮ ಹಲ್ಲಿನ ಅಚ್ಚು ತೆಗೆದು ಟ್ರೇ ಮಾಡ್ಕೊಡ್ತೀನಿ, ಮೆದು ಜೆಲ್ ಹಾಕ್ಕೊಂಡು ಮನೇಲೇ ಮಲಗಿ. ನಿಧಾನ, ಆದ್ರೆ ಅಷ್ಟು ಜುಮ್ ಅನ್ನಲ್ಲ. ಯಾವುದರಲ್ಲೂ ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

ತಮ್ಮನಿಗೆ ಕಾಯುವ ತಾಳ್ಮೆಯಿಲ್ಲ. ತನ್ನ ಹಲ್ಲನ್ನು ಕುರ್ಚಿಯ ಮೇಲೇ ಮಾಡಿಸಿಕೊಂಡು ಬಂದ. "ಬಚ್ಚಲಿಗೆ ಟೈಲ್ಸ್ ಹಾಕಿಸ್ದಂಗಿದೆ ಕಣೋ" ಎಂದ ಹಲ್ಲಣ್ಣ, ಟ್ರೇ ಹಿಡಿದು ಮನೆಗೆ ಹೋದ. ಮೊದಲು ಮೇಲಿನ ಸಾಲು, ಎಷ್ಟು ಬದಲಾಯಿತೆಂದು ಹೋಲಿಸಿ ನೋಡಲು ಕೆಳಗಿನದು ಹಾಗೇ ಇರಲಿ ಎಂದು ಡಾಕ್ಟ್ರಮ್ಮ ಹೇಳಿ ಕಳಿಸಿದ್ದರು.

ಮೇಲಿನ ಸಾಲು ತಿಳಿಯಾಯಿತು. ಬೆಳ್ಳಗೆಂದರೆ ಬೆಳ್ಳಗಲ್ಲ, ಆದರೂ ಕನ್ನಡಿಯಲ್ಲಿ ಬೇರೆ ಯಾರೋ ಇದ್ದಂತೆ ಕಂಡಿತು.

ಆ ವಾರವೇ ಲಾಂಡ್ರಿಯ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಮುಂದಿನ ಹಲ್ಲು ಮುರಿದಿದ್ದರೂ ಆ ತಾಯಿ ವರ್ಷ ವರ್ಷವೂ ಇಲ್ಲಿ ನಕ್ಕು ಫೋಟೋ ತೆಗೆಸಿಕೊಂಡವಳು. ಹಲ್ಲಣ್ಣ ಎಂದಿನಂತೆ ಮುಖ ಹೊರಹಾಕಿ ಹಲ್ಲು ಕಿರಿದ. ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

"ಅಣ್ಣಾ, ನೀವೂ ದೊಡ್ಡೋರಾಗ್ಬಿಟ್ರಿ."

ಹಲ್ಲಣ್ಣ ಹೆಬ್ಬೆರಳಿನಿಂದ ಕೆಳತುಟಿ ಜಗ್ಗಿ ತೋರಿಸಿದ. "ಮೇಲಿನ ಮನೆಯೋರು ಬದಲಾದ್ರು ಕಣಮ್ಮಾ. ಕೆಳಗಿನ ಮನೆಯೋರು ಹಳಬರೇ!"

ಅವಳು ಕೈ ತೆಗೆದು ನಕ್ಕಳು. ಹಲ್ಲಣ್ಣ ಬಟನ್ ಒತ್ತಿದ.

ಅಂದು ಸಂಜೆ ಉಳಿದ ಜೆಲ್ ಅನ್ನು ತಮ್ಮನ ಮುಂದಿಟ್ಟ. "ಕೆಳಗಿನದನ್ನ ಮುಟ್ಟಲ್ಲ. ಅದು ನನ್ನ ಕಸುಬಿನ ಸಾಮಾನು."

"ಹಾಗಾದ್ರೆ ಒಳಗೆ ಹೋಗು."

"ಒಳಗೂ ಹೋಗಲ್ಲ."

ಹೋಗಲಿಲ್ಲ. ಮರುದಿನದಿಂದ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಬಂದವರೆಲ್ಲ ಅವನ ಜೊತೆ ನಕ್ಕು ಒಳಗೆ ಹೋಗುವರು. ತಮ್ಮನ ಕ್ಯಾಮೆರಾ ಮುಂದೆ ತುಟಿ ಹೊಲಿದುಕೊಂಡು ಕೂರುವರು. "ಹಲ್ಲಣ್ಣನ್ನ ಕರೀರಿ ಸ್ವಾಮಿ" ಎಂದು ಕೇಳಿಯೂ ಬಿಡುವರು. ಪ್ರತಿ ಸಲ ತಮ್ಮನ ಮುಖ ಸಣ್ಣದಾಗುತ್ತಿತ್ತು. ಮೆಟ್ಟಿಲ ಮೇಲಿದ್ದವನು ಮಾತ್ರ ಮುಂದೆ ಬಂದವರಿಗೆ ಹಲ್ಲು ಕಿರಿಯುತ್ತಿದ್ದ.

ಮೊನ್ನೆ ಸಂಜೆ ಬೋರ್ಡಿನ ಫೋಟೋ ತೆಗೆಯಲೇಬೇಕಿತ್ತು. ತಮ್ಮ ಇಸ್ತ್ರಿಯಂಗಿ ತೊಟ್ಟು ಬಾಗಿಲಿಗೆ ಬಂದು ನಿಂತ.

"ಅಣ್ಣಾ... ಒಂದ್ ಫೋಟೋ ತೆಗಿ."

"ಯಾಕೋ, ಕ್ಯಾಮೆರಾ ನಿಂದಲ್ವಾ?"

"ನಿಂದೇ. ಬಾ ಮಾರಾಯ."

ಹಲ್ಲಣ್ಣ ಎದ್ದು ಒಳಗೆ ಬಂದ, ಸ್ಟೂಲು ಎಳೆದುಕೊಂಡ. ಎದುರಿನ ಕುರ್ಚಿಯಲ್ಲಿ ತಮ್ಮ ತುಟಿ ಬಿಗಿಹಿಡಿದು ಕೂತಿದ್ದ.

"ಬಾಯಿ ಬಿಡೋ. ಅಷ್ಟು ಖರ್ಚು ಮಾಡಿದೀಯ."

"ಫ್ಯಾನ್ ಗಾಳಿ ತಾಗಿದ್ರೂ ಜುಮ್ ಅನ್ನುತ್ತೆ ಕಣಣ್ಣ."

ಹಲ್ಲಣ್ಣ ಒಂದು ಗಳಿಗೆ ಎಡಗೈಯಿಂದ ಎದೆ ಒತ್ತಿಕೊಂಡ.

"ಏನಾಯ್ತಣ್ಣ?"

"ಏನಿಲ್ಲ. ನಿನ್ನ ಹಲ್ಲಿನ ಬೆಳಕು ಹೊಡೀತು."

ಆಮೇಲೆ ಮುಖ ಹೊರಹಾಕಿ, ಹೆಬ್ಬೆರಳಿನಿಂದ ಕೆಳತುಟಿಯನ್ನು ಗಲ್ಲದವರೆಗೂ ಜಗ್ಗಿದ. ತಮ್ಮ ತಡೆಯಲಾರದೆ, ಗಾಳಿಯನ್ನೂ ಮರೆತು, ಹುಡುಗನಂತೆ ಗಹಗಹಿಸಿದ. ಹಲ್ಲಣ್ಣ ಬಟನ್ ಒತ್ತಿದ.