ಮಂಡಿಯೂರುವ ಕಾರು

ಬೆಳಿಗ್ಗೆ ಎದ್ದೊಡನೆ ಅಂಗೈ ನೋಡಿಕೊಳ್ಳಬೇಕೆಂದು ಶಾಸ್ತ್ರ. ನಾನೋ ಕಳೆದ ಮಳೆಗಾಲದುದ್ದಕ್ಕೂ ಕಿಟಕಿಯಿಂದ ಕಾರಿನ ಎಡಗಡೆಯ ಮುಂದಿನ ಚಕ್ರವನ್ನು ನೋಡುತ್ತಿದ್ದೆ. ರಾತ್ರಿ ನೆಟ್ಟಗೆ ನಿಂತಿದ್ದ ಕಾರು ಬೆಳಗಾಗುವಷ್ಟರಲ್ಲಿ ಆ ಮೂಲೆಯಲ್ಲಿ ಕುಸಿದು, ಹರಕೆ ಹೊತ್ತ ಭಕ್ತನಂತೆ ಒಂದು ಮಂಡಿಯೂರಿರುತ್ತಿತ್ತು. ಹಾಲಿಗೆ ಹೋಗುವ ನೆರೆಯವರು ಗೇಟಿನಲ್ಲಿ ನಿಂತು, “ಹ್ವಾಯ್ ಮಾಷ್ಟ್ರೇ, ನಿಮ್ಮ್ ಕಾರ್ ಎಂತಕ್ಕೆ ಕೂಕಂಡಿತ್ತ್?” ಎಂದು ದಿನವೂ ವಿಚಾರಿಸಿ, ಉತ್ತರಕ್ಕೆ ಕಾಯದೆ ಮುಂದುವರಿಯುತ್ತಿದ್ದರು.

ನಿವೃತ್ತ ಕನ್ನಡ ಮೇಷ್ಟರಿಗೆ ಇಂಥ ಕಾರೆಲ್ಲಿಂದ ಬಂತೆಂದು ನೀವು ಹುಬ್ಬೇರಿಸುವುದು ನ್ಯಾಯವೇ. ಬೊಂಬಾಯಿಯಲ್ಲಿ ಹೋಟೆಲು ನಡೆಸುವ ನನ್ನ ಭಾವ ಹೊಸದನ್ನು ಕೊಂಡಾಗ, ಹಳೆಯ ಈ ಗಜಗಾತ್ರದ ವಾಹನವನ್ನು ಕುಂದಾಪುರದ ನಮ್ಮ ಅಂಗಳಕ್ಕೆ ದಯಪಾಲಿಸಿದ. ಇದಕ್ಕೆ ಕಬ್ಬಿಣದ ಸ್ಪ್ರಿಂಗುಗಳಿಲ್ಲ. ಪ್ರತಿ ಚಕ್ರದ ಮೇಲೂ ಗಾಳಿ ತುಂಬಿದ ರಬ್ಬರ್ ಚೀಲ. ಒಂದು ಚೀಲ ಸೋರುತ್ತಿತ್ತು. ಇಂಜಿನ್ ಚಾಲೂ ಮಾಡಿದರೆ ಕಂಪ್ರೆಸರ್ ಗೊರಗೊರ ಎನ್ನುತ್ತ ಗಾಳಿ ತುಂಬಿ ಕಾರನ್ನು ಮತ್ತೆ ಎತ್ತಿ ನಿಲ್ಲಿಸುತ್ತಿತ್ತು. ಗಾಳಿಯನ್ನೇ ನಂಬಿದ್ದು ಎಷ್ಟು ದಿನ ನಿಂತೀತೆಂದು ವೇದಾಂತ ಹೇಳಿ ಸುಮ್ಮನಿರಬಹುದಿತ್ತು, ಅಮ್ಮನ ಸೋಮವಾರ ಇಲ್ಲದಿದ್ದರೆ.

ಎಂಬತ್ತು ದಾಟಿದ ಅಮ್ಮ ಪ್ರತಿ ಸೋಮವಾರ ಹಾಲಾಡಿಯಲ್ಲಿರುವ ತನ್ನ ತಂಗಿಯ ಮನೆಗೆ ಹೋಗುತ್ತಾಳೆ. ವಾರದ ಉಳಿದ ದಿನಗಳೆಲ್ಲ ಅವಳಿಗೆ ಆ ಒಂದು ದಿನದ ಪೀಠಿಕೆ ಮತ್ತು ಉಪಸಂಹಾರ. ಮಂಡಿನೋವು ಇದೆ, ಆದರೆ ಯಾರಾದರೂ ಕೈ ಹಿಡಿಯಲು ಹೋದರೆ ಆ ಕೈಗೇ ಪೆಟ್ಟು ಬೀಳುತ್ತದೆ. ಇಂಥವಳನ್ನು ಕೂರಿಸಿಕೊಂಡು ನಡುದಾರಿಯಲ್ಲಿ ಕಾರು ಮಲಗಿದರೆ ಗತಿಯೇನು? ರಿಪೇರಿ ಮಾಡಿಸಲೇಬೇಕೆಂದು ಹೊರಟೆ.

ಮೊದಲಿನ ಸಂಶೋಧನೆ ನನ್ನದೇ. ಸೋಪಿನ ನೀರು ಬಳಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆಂದು ಯಾರೋ ಹೇಳಿದ್ದರು. ನಾನು ನೊರೆ ಬರುವವರೆಗೆ ಕಲಸಿ, ಪೇಂಟಿನ ಬ್ರಶ್ಶಿನಿಂದ ಉದಾರವಾಗಿ ಬಳಿದ ಪರಿಣಾಮ, ಸೋರದ ಜಾಗವೇ ಇಲ್ಲವೆಂಬ ನಿರ್ಣಯಕ್ಕೆ ಬರಬೇಕಾಯಿತು. ತಲ್ಲೂರಿನ ಮೆಕ್ಯಾನಿಕ್ ಅದನ್ನೆಲ್ಲ ತೊಳೆದು, “ಎಂತ ಮಾಷ್ಟ್ರೇ, ಕಾರಿಗೆ ಎಣ್ಣೆಸ್ನಾನ ಮಾಡ್ಸಿದ್ರ್ಯಾ?” ಎಂದು ನಕ್ಕ. ಚೀಲದ ಮಡಿಕೆ ಬಿರುಕು ಬಿಟ್ಟಿತ್ತು. ಹೊಸ ಚೀಲ ತರಿಸಿ ಹಾಕಿದ ಮೇಲೆ ಕಾರು ಬೆಳಿಗ್ಗೆಯೂ ನೆಟ್ಟಗೆ ನಿಂತಿತು. ಜೊತೆಗೆ ನನ್ನ ತಲೆಯೂ.

ಆ ಸೋಮವಾರ ಅಮ್ಮ ಹೊಸ ಸೀರೆಯುಟ್ಟು ಬಂದಳು. ಕಾರಿನ ಎಡಬಾಗಿಲು ತೆರೆದಳು. ಒಂದು ಕಾಲೆತ್ತಿದಳು, ಅದು ಅರ್ಧಕ್ಕೆ ಹೋಗಿ ನೆಲಕ್ಕೆ ಮರಳಿತು. ಇನ್ನೊಮ್ಮೆ ಎತ್ತಿದಳು. ಆಮೇಲೆ ಬಾಗಿಲು ಹಾಕಿ, “ಇವತ್ತ್ ನಾನ್ ಬತ್ತಿಲ್ಲೆ ಮಗಾ, ತಲೆ ಭಾರ” ಎಂದಳು.

ಅಯ್ಯೋ ನನ್ನ ಬುದ್ಧಿಯೇ! ಇಷ್ಟು ದಿನ ನಾನು ಮನೆಗೆ ಬೀಗ ಹಾಕಿ ಬರುವ ಮೊದಲೇ ಅವಳು ಸೀಟಿನಲ್ಲಿರುತ್ತಿದ್ದುದರ ರಹಸ್ಯ ಆಗ ಹೊಳೆಯಿತು. ಕಾರು ಮಂಡಿಯೂರುತ್ತಿದ್ದುದು ಅವಳ ಬಾಗಿಲಿನ ಬಳಿಯೇ. ಚಿಕ್ಕಮ್ಮನ ಮನೆಯಲ್ಲಂತೂ ಕಾರು ಎತ್ತರದ ಜಗಲಿಗೇ ತಾಗಿ ನಿಲ್ಲುವುದರಿಂದ ತೊಂದರೆಯೇ ಇರಲಿಲ್ಲ. ಮುಂದಿನ ವಾರ ಒಂದು ಮಣೆ ತಂದು ಬಾಗಿಲ ಕೆಳಗಿಟ್ಟೆ. “ನಾನೆಂತ ಮದ್ಮಗಳಾ, ಮಣೆ ಹತ್ತುಕೆ?” ಎಂದು ಗುಡುಗಿ ಒಳಗೆ ಹೋದಳು. ಆ ಸೋಮವಾರವೂ ಹೋಯಿತು. ಹಾಲಾಡಿಯಿಂದ ಚಿಕ್ಕಮ್ಮನ ಫೋನು ಬಂದಾಗ ಅಮ್ಮ ತಲೆಭಾರದ ಕಥೆಯನ್ನೇ ಹೇಳಿದಳು. ಕೇಳಿ ನನಗೆ ಸಂಕಟವಾಯಿತು.

ಮೂರನೆಯ ವಾರ ಅಮ್ಮ ಸೀರೆ ಉಡುತ್ತಿರುವಾಗಲೇ ನಾನು ಅಂಗಳಕ್ಕಿಳಿದು ಕಾರು ಚಾಲೂ ಮಾಡಿದೆ. ಅದರಲ್ಲಿ ಎತ್ತರ ಇಳಿಸುವ ಗುಂಡಿಯೊಂದಿದೆ; ಅದನ್ನು ಮೊದಲ ಬಾರಿಗೆ ಒತ್ತಿದೆ. ಸುಯ್ಯೆಂದು ಉಸಿರುಬಿಟ್ಟು ಕಾರು ಕೆಳಗಿಳಿಯಿತು. ಇಂಜಿನ್ ಆರಿಸಿ, ಏನೂ ಅರಿಯದವನಂತೆ ಗಾಜು ಒರೆಸುತ್ತ ನಿಂತೆ.

ಅಮ್ಮ ಬಂದು ಕಾರನ್ನು ಮುಂದಿನಿಂದ ಹಿಂದಿನವರೆಗೆ ನೋಡಿದಳು.

“ಮತ್ತೆ ಗಾಳಿ ಹೋಯ್ತಾ ಮಗಾ?”

“ಹೌದಮ್ಮಾ, ದರಿದ್ರದ್ದು, ಮತ್ತೆ ಸೋರ್ತಿತ್ತ್.”

“ಹ್ಞೂಂ. ಈ ಸಲ ನಾಲ್ಕೂ ಬದಿ ಒಟ್ಟಿಗೇ ಸೋರಿತ್ತಲ್ದಾ?”

ನಾನು ಗಾಜು ಒರೆಸುತ್ತಲೇ ಇದ್ದೆ. ಅವಳು ಹತ್ತಿ ಕುಳಿತು, ಸೆರಗು ಒಳಗೆಳೆದುಕೊಂಡು, ಬಾಗಿಲನ್ನು ತಾನೇ ಹಾಕಿಕೊಂಡಳು.