ಫ್ರಿಜ್ಜಿನೊಳಗೆ ಸ್ಕೂಟರ್ ಕೀ

ಕರೆಂಟು ಹೋಗಿ ಫ್ರಿಜ್ಜಿನ ಗುಂಯ್‌ಗುಡುವ ಸದ್ದು ಥಟ್ಟನೆ ನಿಂತಾಗ ನನಗೆ ಈಗಲೂ ಅಪ್ಪ ನೆನಪಾಗುತ್ತಾರೆ, ಜೊತೆಗೆ ಆ ಹಳೆಯ ಹೊಟ್ಟೆಕಿಚ್ಚೂ ನೆನಪಾಗುತ್ತದೆ. ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಫ್ರಿಜ್ಜು ಸುಮ್ಮನಾಯಿತೆಂದರೆ ಶೂಟಿಂಗ್ ಶುರುವಾಯಿತೆಂದೇ ಅರ್ಥ. ಅಪ್ಪ ಜನರ ಜೀವನಚರಿತ್ರೆ ಬರೆಯುತ್ತಿದ್ದರು, ಅವರ ಮೇಲೆ ಸಾಕ್ಷ್ಯಚಿತ್ರವನ್ನೂ ಮಾಡುತ್ತಿದ್ದರು. ಮೈಕಿಗೆ ಸದ್ದು ತಾಗಬಾರದೆಂದು ಫ್ಯಾನು ಆರಿಸಿ, ಫ್ರಿಜ್ಜಿನ ಪ್ಲಗ್ ಕೀಳುತ್ತಿದ್ದರು. ಅದನ್ನು ಮತ್ತೆ ಹಾಕಲು ಮರೆತು, ಹಾಲು ಒಡೆದು, ಅಮ್ಮನಿಂದ ಬೈಸಿಕೊಂಡ ಮೇಲೆ ಒಂದು ಉಪಾಯ ಕಂಡುಕೊಂಡರು. ಸ್ಕೂಟರ್ ಕೀಯನ್ನು ಫ್ರಿಜ್ಜಿನೊಳಗೆ, ಕೊತ್ತಂಬರಿ ಸೊಪ್ಪಿನ ಪಕ್ಕ ಇಟ್ಟುಬಿಡುವುದು. ಹೊರಡಲು ಕೀ ಬೇಕೇ ಬೇಕಲ್ಲ, ಆಗ ಪ್ಲಗ್ಗೂ ನೆನಪಾಗುತ್ತಿತ್ತು. ತಣ್ಣಗಿನ ಆ ಕೀಯನ್ನು ಕೆನ್ನೆಗೆ ಒತ್ತಿಕೊಳ್ಳುವುದೆಂದರೆ ನನಗೆ ಬಲು ಇಷ್ಟ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಆ ಸ್ಕೂಟರಿನ ಹಿಂದಿನ ಸೀಟನ್ನು ಅಪ್ಪನ ಹೊಸ ಚಿತ್ರದ ಕೆಂಪಮ್ಮಜ್ಜಿ ಹಿಡಿದುಬಿಟ್ಟಳು. ಮಾಗಡಿ ರೋಡಿನ ಕಡೆಯ ಯಾವುದೋ ಮಿಲ್ಲಿನಲ್ಲಿ ಕೆಲಸಕ್ಕಿದ್ದು, ಹೆಂಗಸರನ್ನೆಲ್ಲ ಸೇರಿಸಿ ಮುಷ್ಕರ ಮಾಡಿದ್ದವಳಂತೆ. ಹೆಗ್ಗನಹಳ್ಳಿಯ ಅವಳ ಮನೆಯ ಪಕ್ಕ ದಿನವಿಡೀ ಲೇತ್ ಮಷೀನಿನ ಗದ್ದಲ, ಆದ್ದರಿಂದ ಅಪ್ಪ ಪ್ರತಿ ಶನಿವಾರ ಅವಳನ್ನು ನಮ್ಮ ಮನೆಗೇ ಕರೆತರುತ್ತಿದ್ದರು. ಕಿಟಕಿ ಪಕ್ಕದ ಬೆತ್ತದ ಕುರ್ಚಿಯೂ ಅವಳದಾಯಿತು. ಅಪ್ಪ ನೆಲದ ಮೇಲೆ ಕೂತು ಕೇಳುತ್ತಿದ್ದರು, 'ಚಿಕ್ಕವರಿದ್ದಾಗ ನಿಮ್ಗೆ ಏನ್ ಕಂಡ್ರೆ ಭಯ ಆಗ್ತಿತ್ತು?' 'ಅವತ್ತು ಬೆಳಿಗ್ಗೆ ಏನ್ ತಿಂದಿದ್ರಿ?' ಕೇಳಿದ ಮೇಲೆ ಎಷ್ಟು ಹೊತ್ತಾದರೂ ಸರಿ, ಉತ್ತರ ಬರುವವರೆಗೆ ಬಾಯಿ ತೆರೆಯುತ್ತಿರಲಿಲ್ಲ. ಮುಷ್ಕರದ ದಿನ ಅವಳು ತಂಗಳು ಮುದ್ದೆ ತಿಂದದ್ದು ಅಪ್ಪನಿಗೆ ಗೊತ್ತಿತ್ತು. ನನಗೆ ಹಲ್ಲಿ ಕಂಡರೆ ಜೀವ ಹೋಗುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ನನ್ನನ್ನು ಕೇಳುತ್ತಿದ್ದುದು ಒಂದೇ, 'ಹೋಂವರ್ಕ್ ಆಯ್ತಾ?' ಅದಕ್ಕೂ ಉತ್ತರ ಕೇಳುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತ ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಅವಳು ಕೆಮ್ಮಿದಾಗಲೆಲ್ಲ ಇನ್ನು ಬರಲಾರಳೇನೋ ಎಂದು ಆಸೆಪಡುತ್ತಿದ್ದೆ.

ಒಂದು ಶನಿವಾರ ಸ್ಕೂಲಿನ ನಾಟಕದಲ್ಲಿ ನನಗೆ ರಾಣಿಯ ಪಾತ್ರ ಸಿಕ್ಕಿತು. ಅಪ್ಪನಿಗೆ ಹೇಳಲು ಮನೆಗೆ ಓಡಿಬಂದೆ. ಮಾತೆಲ್ಲ ಮುಗಿದ ಮೇಲೆ ಅಪ್ಪ ಒಂದು ನಿಮಿಷ ಬರೀ ಕೋಣೆಯ ಮೌನವನ್ನು ರೆಕಾರ್ಡ್ ಮಾಡುತ್ತಿದ್ದರು, ಎಡಿಟಿಂಗಿನಲ್ಲಿ ಮಾತಿಗೂ ಮಾತಿಗೂ ನಡುವೆ ತುಂಬಲು ಅದು ಬೇಕಂತೆ. ನಾನು ಒಳಗೆ ಕಾಲಿಟ್ಟದ್ದು ಸರಿಯಾಗಿ ಆ ನಿಮಿಷಕ್ಕೆ. 'ಅಪ್ಪಾ' ಎನ್ನುವಷ್ಟರಲ್ಲಿ, ನನ್ನ ಕಡೆ ತಿರುಗದೆಯೇ ತುಟಿಯ ಮೇಲೆ ಬೆರಳಿಟ್ಟರು. ನಾನು ಅಡುಗೆಮನೆಯಿಂದ ದೊಡ್ಡ ಸ್ಟೀಲ್ ತಟ್ಟೆ ತಂದು, ಇಬ್ಬರೂ ನೋಡುತ್ತಿರುವಂತೆಯೇ ನೆಲಕ್ಕೆ ಬಿಟ್ಟೆ. ಅದು ತಿರುಗಿ ತಿರುಗಿ ಸುಮ್ಮನಾಗಲು ಬಹಳ ಹೊತ್ತು ಹಿಡಿಯಿತು. 'ಇರ್ಲಿ ಬುಡಿ ಸಾರ್, ಮಗ ಅದು' ಎಂದಳು ಕೆಂಪಮ್ಮಜ್ಜಿ. ಅವಳ ಕನಿಕರ ಇನ್ನಷ್ಟು ಉರಿಸಿತು. ಅಪ್ಪ ಏನೋ ಅಂದರು. ನಾನು ಅಳುತ್ತಾ ರೂಮಿಗೆ ಓಡಿದೆ. ಬೈದರೆಂದೇ ಇಷ್ಟು ವರ್ಷ ತಿಳಿದಿದ್ದೆ.

ಆ ಮನೆ ಈಗಿಲ್ಲ, ಅದಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಪಿಜಿ ಎದ್ದಿದೆ. ಕೆಂಪಮ್ಮಜ್ಜಿ ಎಂದೋ ಹೋದಳು, ಹೋದ ವರ್ಷ ಅಪ್ಪನೂ ಹೋದರು. ಹೋದವರ ಪೆಟ್ಟಿಗೆ ತೆರೆದಿರುವ ನಿಮಗೂ ಗೊತ್ತಿರುತ್ತದೆ, ಅಲ್ಲಿ ಮೊದಲು ಹುಡುಕುವುದು ನಮ್ಮ ಹೆಸರನ್ನೇ. ಅಪ್ಪನ ಪೆಟ್ಟಿಗೆಯಲ್ಲಿದ್ದ ಟೇಪುಗಳ ಮೇಲೆ ಅವರ ದುಂಡಗಿನ ಅಕ್ಷರ: ಕೆಂಪಮ್ಮ ಒಂದು, ಕೆಂಪಮ್ಮ ಎರಡು, ಹೀಗೆ ಹದಿನಾಲ್ಕು. ಈ ವಯಸ್ಸಿನಲ್ಲೂ ನೋಡಿ ಉರಿದುಕೊಂಡೆ. ಒಂಬತ್ತನೆಯದರ ಮೇಲೆ, ಅವಳ ಹೆಸರಿನ ಕೆಳಗೆ, ಬೇರೆ ಬಣ್ಣದ ಪೆನ್ನಿನಲ್ಲಿ 'ಪುಟ್ಟಿ ಒಂದು' ಎಂದಿತ್ತು. ಪುಟ್ಟಿ ಎಂದರೆ ನಾನು.

ಅಂಥ ಟೇಪು ಓಡಿಸುವ ಹಳೆಯ ಕ್ಯಾಮೆರಾ ಒಂದನ್ನು ಕೇಳಿ ತಂದು ಆ ಟೇಪು ಹಾಕಿದೆ. ತಟ್ಟೆಯ ಸದ್ದು, ಅಜ್ಜಿಯ ಮಾತು. ಆಮೇಲೆ ಅಪ್ಪನ ದನಿ, ಅವಳನ್ನು ಕೇಳುತ್ತಿದ್ದ ಅದೇ ನಿಧಾನದಲ್ಲಿ: 'ಏನೋ ಹೇಳಕ್ಕೆ ಬಂದಿದ್ದೆ ಅಲ್ವಾ ಪುಟ್ಟಿ? ಏನದು, ಹೇಳು.' ನಾನು ಓಡಿಹೋದ ಹೆಜ್ಜೆಗಳ ಸದ್ದು. ಅದಾದ ಮೇಲೂ ಟೇಪು ಓಡುತ್ತಲೇ ಇತ್ತು. ಅಪ್ಪ ಬಾಯಿ ತೆರೆಯಲಿಲ್ಲ, ಫ್ರಿಜ್ಜಿನ ಪ್ಲಗ್ಗನ್ನೂ ಹಾಕಲಿಲ್ಲ. ಕಾಯುತ್ತಿದ್ದರು.

'ಪುಟ್ಟಿ ಎರಡು' ಇರಬಹುದೆಂದು ಪೆಟ್ಟಿಗೆಯನ್ನು ಮೂರು ಸಲ ತಿರುವಿ ಹಾಕಿದೆ. ಇರಲಿಲ್ಲ. ಉತ್ತರ ಹೇಳದೆ ಓಡಿದವಳಿಗೆ ಎರಡನೇ ಟೇಪು ಎಲ್ಲಿಂದ ಬರಬೇಕು.