ರತ್ನತ್ತೆಯ ಹೆಜ್ಜೆ

ಆಗೆಲ್ಲ ನಮ್ಮ ಉದ್ದನಪಲ್ಲಿ ಕಡೆ ಸರಪಳಿ ಹಿಡಿದು ನೆಲ ಅಳೆಯುತ್ತಿದ್ದವರು ಸರ್ಕಾರದವರು ಮಾತ್ರ. ಮನೆಯೊಳಗಿನ ಪಾಲಿಗೆ ಹೆಜ್ಜೆಯೇ ಅಳತೆ. ಯಾರಿಗೆ ನೆಲವೋ ಅವರದೇ ಹೆಜ್ಜೆ. ತಾತ ಅದನ್ನು ನ್ಯಾಯ ಎನ್ನುತ್ತಿದ್ದರು. ನನಗೂ ತುಂಬ ಫೇರ್ ಅನ್ನಿಸುತ್ತಿತ್ತು.

ಕಾನ್ವೆಂಟಿನಿಂದ ಕ್ರಿಸ್‌ಮಸ್ ಹಾಲಿಡೇಸ್‌ಗೆ ಬಂದಿದ್ದೆ. ಊರೆಲ್ಲ ಅವರೆಕಾಯಿಯ ಸೊಗಡು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ರತ್ನತ್ತೆ, ಅಪ್ಪನ ತಂಗಿ, ಅಡುಗೆಮನೆಯ ಮೂಲೆಯಲ್ಲಿ ಕಾಯಿ ಬಿಡಿಸುತ್ತಿದ್ದರು. ಅವರ ಅನ್ನಕ್ಕೆಂದು ಬಾವಿ ಪಕ್ಕದ ಹೊಲದಲ್ಲಿ, ಬದುವಿನಿಂದ ನೂರು ಹೆಜ್ಜೆ ಕೊಡುವುದೆಂದು ತಾತ ತೀರ್ಮಾನಿಸಿದರು. ಉಳಿದದ್ದು ಚಿಕ್ಕಪ್ಪನಿಗೆ.

ಬೆಳಿಗ್ಗೆ ಎಲ್ಲರೂ ಹೊಲಕ್ಕೆ ಹೋದೆವು. ಕೊಯ್ದ ರಾಗಿಯ ಕೂಳೆ ಅಂಗಾಲಿಗೆ ಚುಚ್ಚುತ್ತಿತ್ತು. ಅತ್ತೆ ಸೆರಗು ಹೊದ್ದು, ತಲೆ ತಗ್ಗಿಸಿ, ಗಂಡಸರ ಮುಂದೆ ನಡೆಯಬೇಕಾದ ಹಾಗೆಯೇ ನಡೆದರು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳೂ ಅದನ್ನೇ ಕಲಿಸುತ್ತಿದ್ದರು: ಸ್ಮಾಲ್ ಸ್ಟೆಪ್ಸ್, ಗರ್ಲ್ಸ್.

ಚಿಕ್ಕಪ್ಪ ಎಣಿಸುತ್ತಾ ನಕ್ಕರು. "ಇಂಗೇ ನಡುದ್ರೆ ಅಕ್ಕನ್ ಪಾಲು ಕೋಳಿಗೂಡಿಗೂ ಸಾಲ್ದು!"

"ನಿಂತ್ಕೊಳ್ಳೇ ರತ್ನಾ," ಎಂದರು ಅಜ್ಜಿ. "ಇಂದಕ್ ಬಾ."

ಬದುವಿನ ಮೇಲೇ ಮೊಣಕಾಲೂರಿ, ಪೈರು ನಾಟಿ ಹಾಕುವಾಗಿನಂತೆ ಮಗಳ ಸೀರೆ ಎತ್ತಿ ಕಚ್ಚೆ ಬಿಗಿದರು.

ಚಿಕ್ಕಪ್ಪನ ನಗು ನಿಂತಿತು. "ಏನಮ್ಮೋ ಇದು? ಎಂಗ್ಸು ನಡಿಯೋ ನಡಿಗೇನಾ?"

"ಉಣ್ಬೇಕಾದೋಳು ಅವ್ಳು ಕಣ್ಲಾ. ನೀನು ಬಾಯ್ಮುಚ್ಕೊಂಡು ಎಣ್ಸು."

ಅತ್ತೆ ತಾತನ ಮುಖ ನೋಡಿದರು. ತಾತ ಬದುವಿನತ್ತ ಕೈ ತೋರಿಸಿದರು. ಆಮೇಲೆ ಚಿಕ್ಕಪ್ಪನಿಗೆ, "ಮೊದಲಿಂದ ಎಣ್ಸಲಾ," ಎಂದರು.

ಅತ್ತೆ ನಡೆದರು. ಮೊದಮೊದಲು ಅಂಜುತ್ತಾ, ಆಮೇಲೆ ದಾಪುಗಾಲು. ಸೆರಗು ಜಾರಿದರೂ ಸರಿಪಡಿಸಿಕೊಳ್ಳಲಿಲ್ಲ. ಅಳುತ್ತಿದ್ದರು, ಆದರೆ ಹೆಜ್ಜೆ ಚಿಕ್ಕದಾಗಲಿಲ್ಲ. ನೂರು ಮುಗಿದಾಗ ಹೊಂಗೆಮರದ ಆಚೆಗಿದ್ದರು. ಅಲ್ಲೇ ಕಲ್ಲು ನೆಟ್ಟರು.

ಚಿಕ್ಕಪ್ಪ ಆಮೇಲೆ ಅತ್ತೆಯೊಡನೆ ಮಾತು ಬಿಟ್ಟರು. ಅತ್ತೆ ಸಾಯುವವರೆಗೂ ತಮ್ಮ ಹೊಲದ ರಾಗಿಯನ್ನೇ ಉಂಡರು.

ಈಗ ಅಲ್ಲಿ ಲೇಔಟ್ ಆಗಿದೆ. ಸರ್ವೆಯವರು ಮೆಷಿನ್ ಇಟ್ಟು ಕ್ಷಣದಲ್ಲಿ ಅಳೆಯುತ್ತಾರೆ. ಹೆಣ್ಣು ಗಂಡೆನ್ನದೆ ಎಲ್ಲರಿಗೂ ಒಂದೇ ಅಳತೆ. ಒಳ್ಳೆಯದೇ, ಐ ನೋ. ಆದರೂ ಆ ಲೇಔಟಿನ ಪ್ಲ್ಯಾನ್ ನೋಡಿದಾಗ ಎದೆ ಭಾರವಾಗುತ್ತದೆ. ಅದರಲ್ಲಿ ನೆಲದ ಇಂಚಿಂಚೂ ಇದೆ. ಹೆಂಗಸೊಬ್ಬಳು ಹೆತ್ತವರ ಎದುರು ಅಳುತ್ತಲೇ ಕಾಲು ಚಾಚಿ ಅದನ್ನು ಪಡೆದಳೆಂಬುದು ಇಲ್ಲ. ನೋಡಿದವರಲ್ಲಿ ಉಳಿದಿರುವವಳು ನಾನೊಬ್ಬಳೇ.